ಅಟ್ಟದ ಮೇಲಿದ್ದ ಏಳು ತೋಟಾ

ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆ ಕೇಸು ಕೈಗೆ ಬಂದರೆ ನಾನು ಮೊದಲು ನೋಡುವುದು ಸೀಳು ಯಾವ ಕಡೆಗಿದೆ ಎಂದು. ಬುಡದ ಹತ್ತಿರ ಬಳೆಯ ಹಾಗೆ ಅಡ್ಡ ಸುತ್ತಿ ಸೀಳಿದ್ದರೆ ತಪ್ಪು ಬಂದೂಕಿನದು. ತೋಟಾ ಕೂರುವ ಜಾಗ ಸವೆದು ಸಡಿಲವಾಗಿದೆ ಎಂದರ್ಥ. ಬಾಯಿಂದ ಬುಡದ ಕಡೆಗೆ ಉದ್ದಕ್ಕೆ ಸೀಳಿದ್ದರೆ ತಪ್ಪು ಹಿತ್ತಾಳೆಯದು. ಇಷ್ಟನ್ನು ನನ್ನ ತಂದೆ ಹೇಳಿಕೊಟ್ಟಿದ್ದರು. ಆ ಹಿತ್ತಾಳೆಯನ್ನು ಕೆಡಿಸಿದವರು ಯಾರು ಎಂದು ತಿಳಿಯುವ ಬಗೆಯನ್ನು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಆ ಜುಲೈನಲ್ಲಿ ಒಂದು ಬೆಳಿಗ್ಗೆ ಹುಣಸೂರಿನ ನನ್ನ ಬಂದೂಕು ರಿಪೇರಿ ಅಂಗಡಿಯ ಮುಂದೆ ಕಾಡಿನವರ ಜೀಪು ನಿಂತಿತು. ಇಳಿದವರು ಎಚ್.ಡಿ. ಕೋಟೆ ಕಡೆಯ ಒಂದು ವಲಯದ ಅರಣ್ಯಾಧಿಕಾರಿ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಕಾಡಿನೊಳಗಿನ ಅವರ ಕಳ್ಳಬೇಟೆ ತಡೆ ಶಿಬಿರಗಳ ರೈಫಲುಗಳನ್ನು ನೋಡಿ ‘ಸುಸ್ಥಿತಿಯಲ್ಲಿದೆ’ ಎಂದು ಬರೆದುಕೊಡುವವನು ನಾನೇ. ಹಾಗಾಗಿ ಗುರುತಿತ್ತು. ಅವರು ಕುರ್ಚಿಯಲ್ಲಿ ಕೂರಲೂ ಇಲ್ಲ. ಔಷಧಿ ಕವರಿನಲ್ಲಿ ಸುತ್ತಿದ್ದ ಒಂದು ಕೇಸನ್ನು ಮೇಜಿನ ಮೇಲಿಟ್ಟರು. ಹಿಂದೆಯೇ ಡ್ರೈವರ್ ಗೋಣಿ ಸುತ್ತಿದ ರೈಫಲ್ ತಂದಿಟ್ಟ.

ನಡೆದದ್ದು ಇಷ್ಟು. ಹಿಂದಿನ ದಿನ ಬೆಳಗಿನ ಗಸ್ತಿನಲ್ಲಿ ಒಂಟಿ ಸಲಗವೊಂದು ತಿರುಗಿ ಬಿದ್ದಿದೆ. ಗಾರ್ಡು ಹೆದರಿಸಲು ಆಕಾಶಕ್ಕೆ ಒಂದು ಗುಂಡು ಹಾರಿಸಿದ್ದಾರೆ. ಸಲಗ ಓಡಿತು. ಆದರೆ ಕೇಸು ಸೀಳಿ, ಒಳಗಿನ ಬೆಂಕಿಗಾಳಿ ತೋಟಾದ ಹಿಂದೆ ಮುಚ್ಚುವ ಬೋಲ್ಟಿನ ಸಂದಿಯಿಂದ ಹಿಂದಕ್ಕೆ ನುಗ್ಗಿ, ಗಾರ್ಡಿನ ಬಲಗಣ್ಣಿಗೆ ಬಡಿದಿದೆ. ಈಗ ಮೈಸೂರಿನ ಆಸ್ಪತ್ರೆಯಲ್ಲಿದ್ದಾರೆ.

“ಈ ರೈಫಲ್ ಏಪ್ರಿಲ್‌ನಲ್ಲಿ ನೀವೇ ನೋಡಿದ್ದು ಸಾಬ್ರೇ,” ಎಂದರು ಅಧಿಕಾರಿ.

ನನಗೆ ಹೆದರಿಕೆಯಾಯಿತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಒಬ್ಬ ಮನುಷ್ಯನ ಕಣ್ಣಿಗೆ ಏನಾಯಿತು ಎನ್ನುವುದಕ್ಕಿಂತ ಮೊದಲು ನನ್ನ ತಲೆಗೆ ಬಂದದ್ದು ನನ್ನ ಸಹಿ.

ಅಧಿಕಾರಿಯನ್ನು ಕಾಯಲು ಕೂರಿಸಿ ಕೆಲಸ ಶುರು ಮಾಡಿದೆ. ಬೋಲ್ಟ್ ಕಳಚಿ ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿದೆ; ಒಳಗೆ ತುಕ್ಕಿಲ್ಲ, ಉಬ್ಬಿಲ್ಲ. ತೋಟಾದ ಜಾಗದಲ್ಲಿ ಉಕ್ಕಿನ ಅಳತೆಕಡ್ಡಿ ಇಟ್ಟು ಬೋಲ್ಟ್ ಮುಚ್ಚಲು ನೋಡಿದೆ. ಜಾಗ ಸವೆದಿದ್ದರೆ ಬೋಲ್ಟ್ ಮುಚ್ಚಿಕೊಳ್ಳುತ್ತದೆ. ಮುಚ್ಚಲಿಲ್ಲ. ಅದೂ ಸಾಲದೆ ಗಂಧಕ ಕರಗಿಸಿ ಅದೇ ಜಾಗಕ್ಕೆ ಸುರಿದು, ಆರಿದ ಮೇಲೆ ಅಚ್ಚು ತೆಗೆದು, ವರ್ನಿಯರ್‌ನಲ್ಲಿ ಮೂರು ಕಡೆ ಅಳೆದೆ. ಎಲ್ಲ ಸರಿಯಾಗಿತ್ತು. ಕೊನೆಗೆ ಕೇಸಿನ ಮಸಿ ಒರೆಸಿ ಭೂತಗನ್ನಡಿಯಲ್ಲಿ ನೋಡಿದೆ. ಸೀಳು ಉದ್ದಕ್ಕಿತ್ತು. ಹೋದ ಜೀವ ಬಂದ ಹಾಗಾಯಿತು.

ಆ ನೆಮ್ಮದಿಯೇ ಮುಂದೆ ಮುಳುವಾಯಿತು. ಹೊಸದಾಗಿ ಒಡೆದ ಹಿತ್ತಾಳೆಯ ಅಂಚು ಹಳದಿಯಾಗಿ ಹೊಳೆಯಬೇಕು. ಈ ಸೀಳಿನ ಕೆಳಗಿನ ಅರ್ಧ ಹೊಳೆಯುತ್ತಿತ್ತು, ಮೇಲಿನ ಅರ್ಧ ಕಂದಾಗಿತ್ತು. ಅಂದರೆ ಆ ಅರ್ಧ ಗುಂಡು ಹಾರುವ ಮುಂಚೆಯೇ ಸೀಳಿತ್ತು. ಅದು ನನಗೆ ಕಂಡಿತು. ಕಂಡದ್ದನ್ನು ಇನ್ನಷ್ಟು ಯೋಚಿಸಲು ನನಗೆ ಆ ಹೊತ್ತಿನಲ್ಲಿ ಮನಸ್ಸಿರಲಿಲ್ಲ.

“ರೈಫಲ್ ಸರಿಯಿದೆ ಸಾರ್. ತೋಟಾ ಕೆಟ್ಟಿದೆ. ಎಲ್ಲಿಟ್ಟಿದ್ದರು ಅನ್ನೋದನ್ನ ನೋಡಬೇಕು,” ಎಂದೆ.

ಮಳೆಗೆ ಕಿತ್ತುಹೋಗಿ ಆಗಷ್ಟೇ ಮಣ್ಣು ತುಂಬಿಸಿದ್ದ ದಾರಿಯಲ್ಲಿ ಜೀಪಿನಲ್ಲಿ ಹೋಗುವಾಗ ಅಧಿಕಾರಿ ಇನ್ನೊಂದು ಮಾತು ಹೇಳಿದರು. ಶಿಬಿರದ ಅಡುಗೆ, ಸಾಮಾನು, ತೋಟಾ ಪೆಟ್ಟಿಗೆ ಎಲ್ಲ ನೋಡಿಕೊಳ್ಳುವವರು ಒಬ್ಬ ಹಿರಿಯ ವಾಚರ್. ಪಕ್ಕದ ಬುಡಕಟ್ಟಿನ ಹಾಡಿಯವರು, ಇಪ್ಪತ್ತು ವರ್ಷಕ್ಕೂ ಮೇಲೆ ದಿನಗೂಲಿಯಲ್ಲೇ ದುಡಿದವರು. ಈ ಸಲದ ಖಾಯಂ ಪಟ್ಟಿಯಲ್ಲಿ ಅವರ ಹೆಸರಿದೆ, ಆದರೆ ಅವರ ಮೇಲೆ ಒಂದು ಆಕ್ಷೇಪಣೆ ಬಿದ್ದರೂ ಹೆಸರು ಹೊಡೆದುಹಾಕುತ್ತಾರೆ.

“ವಯಸ್ಸಿನ ಲೆಕ್ಕದಲ್ಲಿ ಅವರಿಗೆ ಇದೇ ಕೊನೇ ಸಲ. ಏನು ಬರೀತೀರೋ ನೋಡ್ಕೊಂಡು ಬರೀರಿ,” ಎಂದರು.

ಶಿಬಿರವೆಂದರೆ ಆನೆ ಕಂದಕ ತೋಡಿದ ಒಂದು ದಿಬ್ಬದ ಮೇಲೆ ಶೀಟು ಹೊದಿಸಿದ ಎರಡು ಕೋಣೆ. ಒಲೆಯ ಮೇಲ್ಗಡೆ ಬಿದಿರಿನ ಅಟ್ಟ. ಮಳೆಗಾಲದಲ್ಲಿ ಆ ಕಾಡಿನಲ್ಲಿ ಬೆಂಕಿಪೊಟ್ಟಣವೂ ನೀರು ಕುಡಿಯುತ್ತದೆ. ಆದ್ದರಿಂದ ಉಪ್ಪು, ಬೀಡಿ, ಸಾಕ್ಸು, ಟಾರ್ಚಿನ ಸೆಲ್ಲು, ಒದ್ದೆಯಾಗಬಾರದ್ದೆಲ್ಲ ಅಟ್ಟಕ್ಕೆ ಹೋಗುತ್ತದೆ. ಎಲ್ಲ ಶಿಬಿರಗಳ ರೂಢಿ ಇದು. ತೋಟಾವನ್ನು ಅಲ್ಲಿಡಬೇಡಿ ಎಂದು ನಾನು ವರ್ಷ ವರ್ಷವೂ ಬಡಕೊಂಡಿದ್ದೇನೆ, ಯಾರೂ ಕೇಳುವುದಿಲ್ಲ.

ವಾಚರ್ ಬಾಗಿಲಲ್ಲಿ ನಿಂತಿದ್ದರು. ಕುಳ್ಳಗಿನ ಮನುಷ್ಯ, ಮೈಗೆ ದೊಡ್ಡದಾದ ಹಸಿರು ಸ್ವೆಟರು.

“ತೋಟಾ ಎಲ್ಲಿಟ್ಟಿದ್ದೀಯಯ್ಯಾ?” ಎಂದು ಕೇಳಿದೆ. ನನಗಿಂತ ಹಿರಿಯರು. ಆದರೂ ಬಾಯಿಗೆ ಬಂದದ್ದು ಹಾಗೆ.

“ಟ್ರಂಕ್ನಾಗವೆ ಸಾಬ್ರೇ.”

ಟ್ರಂಕು ತೆಗೆಸಿದೆ. ತೋಟಾ ಬಂದಿದ್ದ ಖಾಲಿ ಪೊಟ್ಟಣ ಮೇಲೆಯೇ ಇತ್ತು; ಯಾವ ತಯಾರಿಕೆಯ ಕಂತು ಎಂದು ತಿಳಿಸುವ ಲಾಟ್ ನಂಬರನ್ನು ರೂಢಿಯಂತೆ ಬರೆದುಕೊಂಡೆ. ಬಟ್ಟೆಚೀಲದಲ್ಲಿ ಹದಿಮೂರು ತೋಟಾ. ಒಂದೊಂದನ್ನೂ ಬಾಗಿಲ ಬೆಳಕಿಗೆ ತಿರುಗಿಸಿ ನೋಡಿದೆ. ಕಣ್ಣಿಗೆ ಏನೂ ಕಾಣಲಿಲ್ಲ. ಆಮೇಲೆ ನನ್ನ ದೃಷ್ಟಿ ಅಟ್ಟದ ಮೇಲೆ ಹೋಯಿತು. ಉಪ್ಪಿನ ಗಡಿಗೆಯ ಹಿಂದೆ ಒಂದು ಬಿಸ್ಕತ್ ಡಬ್ಬಿ. ಇಳಿಸಿ ಅಲ್ಲಾಡಿಸಿದರೆ ಗಣಗಣ ಎಂದಿತು. ಒಳಗೆ ಏಳು ತೋಟಾ.

“ಇದೇನು ಮತ್ತೆ?”

“ಅವು ಬ್ಯಾರೆ ಸಾಬ್ರೇ. ಅವು...”

“ಬೇರೆ ಏನು ಬಂತು? ಒಲೆ ಮೇಲೆ ತೋಟಾ ಇಟ್ಟಿದ್ದೀಯ, ಬುದ್ಧಿ ಬೇಡ್ವಾ ನಿಂಗೆ?”

“ಅಂಗಲ್ಲ ಸಾಬ್ರೇ, ನಾನು ಉಗುರ್ನಾಗೆ...”

“ಸಾಕು ಸುಮ್ನಿರು.”

ಅವರು ಒಲೆಯ ಕಡೆ ಸರಿದರು. ನಾನು ಏಳನ್ನೂ ಭೂತಗನ್ನಡಿಯಲ್ಲಿ ನೋಡಿದೆ. ಏಳರ ಕುತ್ತಿಗೆಯಲ್ಲೂ ಕೂದಲೆಳೆಯಷ್ಟು ಸಣ್ಣ ಉದ್ದಸೀಳು. ಅಧಿಕಾರಿಯನ್ನು ಕರೆದು ತೋರಿಸಿದೆ. ಟ್ರಂಕಿನ ಹದಿಮೂರೂ ಚೆನ್ನಾಗಿವೆ, ಒಲೆಯ ಮೇಲಿನ ಏಳೂ ಸೀಳಿವೆ, ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು ಎಂದೆ. ಗಾರ್ಡಿನ ಕಣ್ಣು ತೆಗೆದದ್ದು ಎಂಟನೆಯದು ಎಂದು ನಾನೇ ತೀರ್ಮಾನಿಸಿಬಿಟ್ಟೆ. ಆಸ್ಪತ್ರೆಯಲ್ಲಿದ್ದ ಗಾರ್ಡನ್ನು ಒಂದು ಮಾತು ಕೇಳಬೇಕೆಂದು ನನಗೂ ಹೊಳೆಯಲಿಲ್ಲ, ಅಧಿಕಾರಿಗೂ ಹೊಳೆಯಲಿಲ್ಲ. ಅವರು ಏಳನ್ನೂ ಲಕೋಟೆಯಲ್ಲಿ ಹಾಕಿ ಅರಗು ಒತ್ತಿದರು.

ವರದಿಯನ್ನು ಅಲ್ಲೇ ಶಿಬಿರದ ಮಂಚದ ಮೇಲೆ ಕುಳಿತು ಬರೆದೆ. ಒಲೆಯ ಶಾಖಕ್ಕೆ ಹಿತ್ತಾಳೆ ಬಿರುಸಾಗಿ ಸೀಳಿದೆ, ಹೊಗೆಗೆ ಸೀಳಿನ ಅಂಚು ಕಂದಾಗಿದೆ, ತೋಟಾ ಇಟ್ಟವರ ಅಜಾಗರೂಕತೆ ಇದಕ್ಕೆ ಕಾರಣ ಎಂದು ಬರೆದು ಸಹಿ ಹಾಕಿದೆ. ನಾನು ಬರೆಯುತ್ತಿದ್ದಷ್ಟು ಹೊತ್ತೂ ವಾಚರ್ ನಮಗೆ ಟೀ ಕಾಯಿಸುತ್ತಿದ್ದರು. ಆ ಟೀಯನ್ನು ನಾನು ಕುಡಿದೆ.

ಹದಿನೈದು ದಿನದಲ್ಲಿ ಅವರನ್ನು ಕೆಲಸದಿಂದ ತೆಗೆದರೆಂದು ತಿಳಿಯಿತು. ಗಾರ್ಡಿನ ಕಣ್ಣು ಬರುವ ನಂಬಿಕೆಯಿಲ್ಲ ಎಂದೂ ತಿಳಿಯಿತು. ತಪ್ಪು ಮಾಡಿದವರಿಗೆ ಶಿಕ್ಷೆಯಾಯಿತು ಎಂದುಕೊಂಡೆ. ಬೇಜಾರಾಯಿತು, ನಿದ್ದೆಗೆಡುವಷ್ಟೇನೂ ಆಗಲಿಲ್ಲ.

ಆಗಸ್ಟ್ ಕೊನೆಯಲ್ಲಿ ಕೆ.ಆರ್. ನಗರದ ಆಚೆ, ಚುಂಚನಕಟ್ಟೆ ಕಡೆಯ ರೈತರೊಬ್ಬರು ಬಂದರು. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ರೈಫಲ್ ಅವರದು. ಅದೇ ಅಳತೆಯ ನಳಿಕೆ, ಅದೇ ಜಾತಿಯ ತೋಟಾ. ಅವರ ಮಾತು ಊರಿಗೆಲ್ಲ ಕೇಳುವಂಥದ್ದು.

“ಸಾಬ್ರೇ, ಅಂದಿ ಓಡ್ಸಕ್ಕೆ ಗಾಳೀಗೊಂದು ಈಡು ಒಡ್ದೆ ಕಣ್ರೀ. ತೋಟಾ ಒಳಗೇ ಕಚ್ಕೊಂಡು ಕುಂತದೆ, ಏನ್ ಮಾಡುದ್ರೂ ಈಚೆ ಬರಾಕಿಲ್ಲ ಅಂತದೆ. ನಮ್ಮತ್ತೆ ಬಂದು ಕುಂತಂಗೆ.”

ನಗುತ್ತಲೇ ನಳಿಕೆಯ ಬಾಯಿಂದ ಹಿತ್ತಾಳೆ ಕಡ್ಡಿ ತೂರಿಸಿ ಮೆಲ್ಲಗೆ ತಟ್ಟಿದೆ. ಕೇಸು ಜಾರಿ ಅಂಗೈಗೆ ಬಿತ್ತು. ಉದ್ದಸೀಳು. ಒರೆಸಿ ಭೂತಗನ್ನಡಿ ಹಿಡಿದೆ. ಕೆಳಗಿನ ಅರ್ಧ ಹೊಳೆಯುತ್ತಿತ್ತು, ಮೇಲಿನ ಅರ್ಧ ಕಂದು.

“ತೋಟಾ ಎಲ್ಲಿಡ್ತೀರಾ ಗೌಡ್ರೇ? ಒಲೆ ಹತ್ರ ಏನಾದ್ರೂ?”

“ಒಲೆ ತಾವ ಯಾಕ್ರೀ ಇಡಾನ? ಬೀರುವ್ನಾಗೆ, ನಮ್ಮೋಳ ರೇಸ್ಮೆ ಸೀರೆ ಮದ್ಯ. ನನ್ಗಿಂತ ಅದ್ನೇ ಜ್ವಾಪಾನ ಮಾಡ್ತಾಳೆ ಬುಡಿ.”

ಪೊಟ್ಟಣ ತಂದಿದ್ದರು. ಅದರ ಮೇಲೆ ಕಾರ್ಖಾನೆಯವರು ಒತ್ತಿದ್ದ ಲಾಟ್ ನಂಬರ್ ಓದಿದೆ. ಗೂಡಿನಿಂದ ನನ್ನ ಟಿಪ್ಪಣಿ ಪುಸ್ತಕ ತೆಗೆದು, ಶಿಬಿರದ ಖಾಲಿ ಪೊಟ್ಟಣದಿಂದ ಬರೆದುಕೊಂಡಿದ್ದ ನಂಬರಿನ ಪಕ್ಕ ಹಿಡಿದೆ. ಎರಡೂ ಒಂದೇ. ನನ್ನ ಮುಖ ನೋಡಿ ಗೌಡರ ದನಿ ಇಳಿಯಿತು.

“ಯಾಕ್ರೀ ಸಾಬ್ರೇ, ಬಂದೂಕು ಓಯ್ತಾ?”

“ಬಂದೂಕಿಗೇನೂ ಆಗಿಲ್ಲ. ನಾನೇ ಒಂದು ತಪ್ಪು ಮಾಡಿದ್ದೀನಿ,” ಎಂದೆ.

ಅವರ ಬಳಿ ಆರು ತೋಟಾ ಉಳಿದಿದ್ದವು. ಒಪ್ಪಿಗೆ ಕೇಳಿ ಇರಿಸಿಕೊಂಡೆ. ಬರಿಗಣ್ಣಿಗೆ ಆರೂ ಚೊಕ್ಕವಾಗಿದ್ದವು, ಟ್ರಂಕಿನ ಹದಿಮೂರರ ಹಾಗೆಯೇ. ಎರಕದಲ್ಲಿ ಬಿರುಕು ಹುಡುಕಲು ಹಳೆಯ ಕಮ್ಮಾರರು ಮಾಡುವ ಒಂದು ಪರೀಕ್ಷೆಯಿದೆ. ವಸ್ತುವನ್ನು ಸೀಮೆಎಣ್ಣೆಯಲ್ಲಿ ಸ್ವಲ್ಪ ಹೊತ್ತು ನೆನೆಸಿ, ಒಣಬಟ್ಟೆಯಲ್ಲಿ ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ನುಣ್ಣನೆ ಪುಡಿ ಸವರಬೇಕು. ಬಿರುಕಿನೊಳಗೆ ಇಳಿದ ಎಣ್ಣೆ ಮೆಲ್ಲಗೆ ಹೊರಬಂದು ಪುಡಿಯ ಮೇಲೆ ಗೆರೆ ಮೂಡಿಸುತ್ತದೆ. ಆರರಲ್ಲಿ ಮೂರಕ್ಕೆ ಗೆರೆ ಮೂಡಿತು.

ಆಮೇಲೆ ಅಂಗಡಿಯ ಬಾಗಿಲು ಅರ್ಧ ಎಳೆದು ಸುಮ್ಮನೆ ಕುಳಿತೆ. ನನಗೆ ನಾಚಿಕೆಯಾದದ್ದು ಎಲ್ಲಿ ಎಂದರೆ, ನಾನು ಬರೆದ ವರದಿ ಕಸುಬಿನ ಲೆಕ್ಕದಲ್ಲೇ ತಪ್ಪು. ನಮ್ಮ ಸೋದರಮಾವ ಹಿತ್ತಾಳೆ ಪಾತ್ರೆ ತಟ್ಟುವವರು. ತಟ್ಟಿ ತಟ್ಟಿ ಹಿತ್ತಾಳೆ ಬಿರುಸಾದಾಗ ಅವರು ಮಾಡುತ್ತಿದ್ದದ್ದೇ ಅದನ್ನು ಬೆಂಕಿಯಲ್ಲಿ ಕಾಯಿಸುವುದು. ಕಾಯಿಸಿದರೆ ಹಿತ್ತಾಳೆ ಮೆತ್ತಗಾಗುತ್ತದೆ. ಕಾರ್ಖಾನೆಯಲ್ಲಿ ಕೇಸನ್ನು ಎಳೆದು ಕೊಳವೆ ಮಾಡಿದ ಮೇಲೆ ಹಾಗೆ ಹದವಾಗಿ ಕಾಯಿಸದೆ ಬಿಟ್ಟರೆ ಅದು ಕುಳಿತಲ್ಲೇ ತನ್ನಷ್ಟಕ್ಕೆ ತಾನು ಸೀಳುತ್ತದೆ, ಬೀರುವಿನಲ್ಲಿದ್ದರೂ ಅಷ್ಟೆ, ಅಟ್ಟದಲ್ಲಿದ್ದರೂ ಅಷ್ಟೆ. ಹತ್ತು ವರ್ಷದವನಿದ್ದಾಗ ಮಾವನ ತಿದಿ ಒತ್ತುತ್ತಾ ಕಲಿತದ್ದು ಇದು. ನನ್ನ ಸಹಿ ಉಳಿಯಿತೆಂಬ ಸಂತೋಷದಲ್ಲಿ ಅದನ್ನೇ ಮರೆತಿದ್ದೆ.

ಆದರೂ ಏಳು ಸೀಳಿದವು ಅಟ್ಟದ ಮೇಲೆಯೇ ಯಾಕಿದ್ದವು ಎಂಬುದು ಮಾತ್ರ ನನಗೆ ಬಗೆಹರಿಯಲಿಲ್ಲ.

ಮರುದಿನ ಬಸ್ಸು ಹಿಡಿದು ಎಚ್.ಡಿ. ಕೋಟೆಯ ಅರಣ್ಯ ಕಚೇರಿಗೆ ಹೋದೆ. ಅಧಿಕಾರಿ ನನ್ನನ್ನು ನೋಡಿ ಖುಷಿಯೇನೂ ಪಡಲಿಲ್ಲ.

“ವರದಿ ಮೈಸೂರಿಗೆ ಹೋಗಿ ಆಯ್ತು ಸಾಬ್ರೇ. ಅದನ್ನೇ ನೋಡಿ ವಿಚಾರಣೆನೂ ಮುಗಿಸಿದರು.”

“ಇದೇ ಲಾಟಿನ ತೋಟಾ ಇವತ್ತೂ ನಿಮ್ಮ ಶಿಬಿರಗಳಲ್ಲಿ ಇದೆ ಅಲ್ವಾ ಸಾರ್?”

ಅವರು ಗುಮಾಸ್ತರನ್ನು ಕರೆದು ಕಬ್ಬಿಣದ ಬೀರು ತೆಗೆಸಿ, ಇನ್ನೂ ಒಡೆಯದ ಒಂದು ಪೊಟ್ಟಣ ತರಿಸಿದರು. ಅವರ ಕಣ್ಣೆದುರಿಗೇ ಅಂಟು ಕಿತ್ತೆ. ಹತ್ತು ತೋಟಾ. ಸ್ಟೀಲ್ ಲೋಟದಲ್ಲಿ ಸೀಮೆಎಣ್ಣೆ, ಕಚೇರಿಯ ಕಪ್ಪುಹಲಗೆಯ ಸೀಮೆಸುಣ್ಣ. ಪುಡಿ ಸವರಿ ಒಂದೊಂದನ್ನೇ ಕಾಗದದ ಮೇಲೆ ನಿಲ್ಲಿಸಿದೆ. ಇಬ್ಬರೂ ಬಗ್ಗಿ ನೋಡುತ್ತಾ ಕುಳಿತೆವು. ಮೊದಲ ಗೆರೆ ಮೂರನೆಯದರ ಕುತ್ತಿಗೆಯಲ್ಲಿ ಮೂಡಿತು. ಆಮೇಲೆ ಏಳನೆಯದು. ಕೊನೆಗೆ ನಾಲ್ಕಾದವು.

“ಇವು ಒಲೆ ನೋಡೇ ಇಲ್ಲವಲ್ರೀ,” ಎಂದರು ಅಧಿಕಾರಿ.

ಅವರು ಕೆಟ್ಟವರಲ್ಲ. ತಕ್ಷಣ ವೈರ್‌ಲೆಸ್‌ನಲ್ಲಿ ಎಲ್ಲ ಶಿಬಿರಗಳಿಗೂ ಆ ಲಾಟ್ ಮುಟ್ಟಬೇಡಿ ಎಂದು ಹೇಳಿಸಿದರು. ಆಮೇಲೆ ಬಾಗಿಲು ಮುಚ್ಚಿ, ನನ್ನ ಒಳ್ಳೆಯದಕ್ಕೇ ಎಂಬಂತೆ ಹೇಳಿದರು.

“ಒಂದು ಕೆಲಸ ಮಾಡಿ. ‘ಈ ಲಾಟ್ ದೋಷಪೂರಿತ, ವಾಪಸು ಕಳಿಸತಕ್ಕದ್ದು’ ಅಂತ ಹೊಸದಾಗಿ ಬರೆದುಕೊಡಿ. ಹಳೇ ವರದಿ ಸುದ್ದಿ ಎತ್ತೋದು ಬೇಡ. ತೋಟಾನೂ ವಾಪಸ್ ಹೋಗುತ್ತೆ, ನಿಮ್ಮ ಹೆಸರೂ ಉಳಿಯುತ್ತೆ. ಒಂದೇ ವಿಷಯಕ್ಕೆ ಎರಡು ಥರ ಬರೆದವರನ್ನ ಮುಂದೆ ಯಾರು ಕರೀತಾರೆ ಸಾಬ್ರೇ? ಲೈಸೆನ್ಸ್ ನವೀಕರಣಕ್ಕೆ ಹೋದಾಗ ಇದನ್ನೇ ಎತ್ತಿ ಹಿಡೀತಾರೆ.”

ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರು ಹೇಳಿದಂತೆ ಒಂದು ಹಾಳೆ ಬರೆದೂಬಿಟ್ಟೆ. ಓದಿಕೊಂಡೆ. ಅದರಲ್ಲಿ ಒಂದೂ ಸುಳ್ಳಿರಲಿಲ್ಲ, ವಾಚರೂ ಇರಲಿಲ್ಲ. ಅವರು ಕಾಯಿಸಿಕೊಟ್ಟ ಟೀ ನೆನಪಾಯಿತು. ಹಾಳೆ ಹರಿದು ಇನ್ನೊಂದು ತೆಗೆದುಕೊಂಡೆ.

‘ನನ್ನ ಹಿಂದಿನ ವರದಿ ತಪ್ಪು. ಒಲೆಯ ಶಾಖಕ್ಕೆ ಹಿತ್ತಾಳೆ ಸೀಳುವುದಿಲ್ಲ. ಇದು ನನಗೆ ತಿಳಿದಿದ್ದ ವಿಷಯ, ಬರೆಯುವಾಗ ಗಮನಿಸಲಿಲ್ಲ. ಕೇಸುಗಳಲ್ಲಿ ಕಾರ್ಖಾನೆಯಿಂದ ಬರುವಾಗಲೇ ದೋಷವಿತ್ತು. ವಾಚರ್ ಅವರ ತಪ್ಪಿಲ್ಲ’ ಎಂದು ಬರೆದು, ಪರೀಕ್ಷೆಯ ವಿವರ ಸೇರಿಸಿ ಸಹಿ ಹಾಕಿದೆ. ಅಧಿಕಾರಿ ಎರಡು ಸಲ ಓದಿದರು.

“ಕಳಿಸ್ತೀನಿ. ಆದರೆ ನಿಮಗೆ ಗೊತ್ತಿರಲಿ, ಖಾಯಂ ಪಟ್ಟಿ ಹೋದ ವಾರವೇ ಬಂತು. ಅವರ ಹೆಸರಿಲ್ಲ. ಒಂದು ಸಲ ಆದೇಶ ಆದಮೇಲೆ ಸೇರಿಸೋದು ಕಷ್ಟ. ಮುಂದಿನ ಪಟ್ಟಿ ಹೊತ್ತಿಗೆ ಅವರ ವಯಸ್ಸು ಮೀರಿರುತ್ತೆ.”

ವಾಚರ್ ಎಲ್ಲಿದ್ದಾರೆ ಎಂದು ಹಾಡಿಯಲ್ಲಿ ವಿಚಾರಿಸಿದೆ. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಹಾಕಲು ಹೋಗಿದ್ದಾರೆ ಎಂದರು. ಹುಡುಕಿಕೊಂಡು ಹೋದೆ. ಊರಾಚೆ, ಹೊಲದ ಮಧ್ಯೆ ಗೋಪುರದಂಥ ಇಟ್ಟಿಗೆ ಮನೆ. ಅದರ ಬುಡದ ಒಲೆಬಾಯಿಯ ಮುಂದೆ ಅದೇ ಹಸಿರು ಸ್ವೆಟರ್ ತೊಟ್ಟು ಕುಕ್ಕರುಗಾಲಲ್ಲಿ ಕುಳಿತಿದ್ದರು. ನನ್ನನ್ನು ಕಂಡು ಎದ್ದುನಿಂತರು. ಆ ಎದ್ದುನಿಂತದ್ದು ನನ್ನನ್ನು ಚುಚ್ಚಿತು.

“ಕೂತ್ಕೊಳಿ ಯಜಮಾನ್ರೇ,” ಎಂದು ನಾನೂ ನೆಲದಲ್ಲೇ ಕುಳಿತೆ. ನಡೆದದ್ದನ್ನೆಲ್ಲ ಹೇಳಿದೆ. ತೋಟಾ ಕಾರ್ಖಾನೆಯಲ್ಲೇ ಕೆಟ್ಟಿದ್ದು, ನಾನು ಬರೆದದ್ದು ತಪ್ಪು, ಈಗ ತಿದ್ದಿ ಬರೆದಿದ್ದೇನೆ, ಆದರೆ ಪಟ್ಟಿಯಲ್ಲಿ ಹೆಸರು ಹೋಯಿತು. ತಪ್ಪಾಯಿತು ಎಂದೆ. ಅವರು ಕೋಲಿನಲ್ಲಿ ಕೆಂಡ ಕೆದಕುತ್ತಾ ಕೇಳಿಸಿಕೊಂಡರು.

“ಆ ಡಬ್ಬಿ ಅಟ್ಟದ ಮೇಲೆ ಯಾಕೆ ಇಟ್ಟಿದ್ರಿ?” ಎಂದು ಕೊನೆಗೆ ಕೇಳಿದೆ.

“ಅವತ್ತೇ ಯೋಳಕ್ ಬಂದೆ ಸಾಬ್ರೇ. ನೀವು ಬುಡ್ನಿಲ್ಲ.” ದನಿಯಲ್ಲಿ ಸಿಟ್ಟಿರಲಿಲ್ಲ. “ವಾರಕ್ಕೊಂದ್ಸಲ ಒಂದೊಂದು ತೋಟಾನೂವೆ ಇಂಗೆ ಉಗುರ್ನಾಗೆ ಸವ್ರಿ ಸವ್ರಿ ನೋಡ್ತಿದ್ದೆ.” ಹೆಬ್ಬೆರಳ ಉಗುರನ್ನು ತೋರುಬೆರಳ ಸುತ್ತ ಆಡಿಸಿ ತೋರಿಸಿದರು. “ಸೀಳಿರಾವು ಉಗುರ್ಗೆ ತಟ್ಟುತ್ವೆ. ಅಂಗೆ ತಟ್ಟಿದ್ವು ಏಳು. ಗಾರ್ಡಪ್ಪಂಗೂ ತೋರ್ಸಿದ್ದೆ. ರೇಸನ್ ಜೀಪು ಬಂದ್ರೆ ಆಪೀಸ್ಗೆ ಕಳ್ಸಾನ ಅಂದ್ರು. ಮಳೇಲಿ ದಾರಿ ಕಿತ್ತೋಗಿ ಜೀಪು ಬರ್ನಿಲ್ಲ. ಬಿಸಾಕಂಗಿಲ್ಲ, ಲೆಕ್ಕ ಕೊಡ್ಬೇಕು. ಟ್ರಂಕ್ನಾಗೇ ಬುಟ್ರೆ ಯಾರಾದ್ರೂ ಅರ್ಜೆಂಟಲ್ಲಿ ತಕ್ಕೊಂಬುಡ್ತಾರೆ. ಅದ್ಕೇ ಡಬ್ಬೀಗ್ ಆಕಿ, ಕೈಗೆ ಸಿಗ್ದಂಗೆ ಉಪ್ಪಿನ ಗಡಿಗೆ ಇಂದೆ ಮಡ್ಗಿದ್ದೆ.”

ನನ್ನ ಭೂತಗನ್ನಡಿ ಜೇಬಿನಲ್ಲೇ ಇತ್ತು. ಅವರ ಹೆಬ್ಬೆರಳ ಉಗುರು ದಪ್ಪಗೆ, ಹಳದಿ ಬಣ್ಣಕ್ಕೆ ತಿರುಗಿತ್ತು. ತಪ್ಪಿಗೆ ಸಾಕ್ಷಿಯೆಂದು ನಾನು ಅರಗು ಒತ್ತಿಸಿದ್ದು ಆ ಶಿಬಿರದಲ್ಲಿ ಇವರೊಬ್ಬರೇ ಮಾಡಿದ್ದ ಸರಿಯಾದ ಕೆಲಸಕ್ಕೆ. ತಲೆ ತಗ್ಗಿಸಿದೆ. ಕಣ್ಣಲ್ಲಿ ನೀರು ಬಂತು. ಹೊಗೆಯಿತ್ತು, ಆದರೆ ಅದು ಹೊಗೆಗೆ ಬಂದದ್ದಲ್ಲ.

“ಗಾರ್ಡಪ್ಪನ ಕಣ್ಣು ಎಂಗದೆ ಸಾಬ್ರೇ?” ಎಂದು ಕೇಳಿದರು. ಅಲ್ಲಿದ್ದಷ್ಟು ಹೊತ್ತೂ ಅವರು ನನ್ನನ್ನು ಕೇಳಿದ ಪ್ರಶ್ನೆ ಅದೊಂದೇ.

“ಬೆಳಕು ಮಾತ್ರ ಗೊತ್ತಾಗುತ್ತಂತೆ.”

ಅವರು ಒಂದು ಕೊರಡು ಎತ್ತಿ ಒಲೆಬಾಯಿಗೆ ತಳ್ಳಿದರು. ತಮ್ಮ ಹೆಬ್ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು.

“ಏಳು ಸಿಕ್ದವು. ಅದೊಂದು ನನ್ ಉಗುರ್ಗೆ ಸಿಗ್ನಿಲ್ಲ ಸಾಬ್ರೇ.”